ಕಂಪ್ಯೂಟರ್ ಸೈನ್ಸ್ ಓದುವ ಮಗಳಿಗೆ ಎಪಿ ಇಂಗ್ಲಿಷ್ ಯಾಕೆ, ಜಿಪಿಎ ಕೆಡುವುದಿಲ್ಲವೇ?

ನಮ್ಮಪ್ಪ ಹಾಕಿದ್ದೂ ಇದೇ ಲೆಕ್ಕ. ಎಪಿ ಎಂದರೆ ಅಮೆರಿಕದ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್, ಜಿಪಿಎ ಎಂದರೆ ಗ್ರೇಡುಗಳ ಸರಾಸರಿ. ಒಂಬತ್ತರವರೆಗೆ ನಾನು ಹಾಸನದಲ್ಲಿ ಕನ್ನಡ ಮೀಡಿಯಂ, ಹತ್ತಕ್ಕೆ ಕ್ಯಾಲಿಫೋರ್ನಿಯಾ, ಹನ್ನೊಂದಕ್ಕೆ ಎಪಿ ಇಂಗ್ಲಿಷ್ ಲ್ಯಾಂಗ್ವೇಜ್. ಮೇ ತಿಂಗಳ ಪರೀಕ್ಷೆಯಲ್ಲಿ ಬಂದದ್ದು ಐದಕ್ಕೆ ಎರಡು. ಮೂರು ಬಂದಿದ್ದರೆ ಯುಸಿಯಲ್ಲಿ, ಅಂದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಎಂಟು ಕ್ವಾರ್ಟರ್ ಯೂನಿಟ್ (ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್) ಸಿಗುತ್ತಿತ್ತು, ಮೊದಲ ವರ್ಷದ ಕಡ್ಡಾಯ ಬರವಣಿಗೆಯ ಷರತ್ತೂ ಮುಗಿಯುತ್ತಿತ್ತು. ಎರಡಕ್ಕೆ ಏನೂ ಇಲ್ಲ. ಇಂಗ್ಲಿಷ್ ಬಾರದೆ ಹೋದ ಅಂಕವಾಗಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ನಾನು ಲಕ್ಷಣ ಬರೆದು ಸ್ವಾರಸ್ಯ ಬಿಟ್ಟಿದ್ದೆ.

ನಮ್ಮ ಕನ್ನಡ ಪ್ರಶ್ನೆಪತ್ರಿಕೆ ನೆನಪಿಸಿಕೊಳ್ಳಿ. ಅಲಂಕಾರ ಹೆಸರಿಸು, ಲಕ್ಷಣ ಬರೆ, ಉಪಮೇಯ ಉಪಮಾನ ತೋರಿಸಿ ಸಮನ್ವಯ ಮಾಡು. ಅದು ಕೈಗೆ ಹತ್ತಿಬಿಟ್ಟಿತ್ತು. ಇಲ್ಲಿಯ ಭಾಷಣ ವಿಶ್ಲೇಷಣೆಯ ಪ್ರಬಂಧದಲ್ಲೂ ಅದನ್ನೇ ಮಾಡಿದೆ: ಇಲ್ಲಿ ಪುನರುಕ್ತಿ ಇದೆ, ಇಲ್ಲಿ ರೂಪಕ ಇದೆ, ಇಲ್ಲಿ ಭಾವನೆ ಕೆರಳಿಸಿದ್ದಾನೆ. ಹೆಸರುಗಳೆಲ್ಲ ಸರಿಯಾಗಿದ್ದವು. ಆದರೆ ಒಂದೊಂದು ಪ್ರಬಂಧಕ್ಕೂ ಇರುವುದು ಆರು ಅಂಕ. ನಿಲುವಿಗೆ ಒಂದು, ಆಧಾರ ಮತ್ತು ವಿವರಣೆಗೆ ನಾಲ್ಕು, ವಿಚಾರದ ಪ್ರೌಢಿಮೆಗೆ ಒಂದು. ಹೆಸರಿನ ಪಟ್ಟಿ ಎಷ್ಟೇ ಉದ್ದವಿರಲಿ, ನಡುವಿನ ನಾಲ್ಕರಲ್ಲಿ ಒಂದೆರಡರ ಆಚೆ ದಾಟುವುದು ಕಷ್ಟ. ಮೂರಕ್ಕೆ ಏರಬೇಕಾದರೆ ವಾದ ಒಂದು ದಾರಿ ಹಿಡಿದಿರಬೇಕು, ಕನಿಷ್ಠ ಒಂದು ಮಾತಿನ ತಂತ್ರವಾದರೂ ಭಾಷಣಕಾರನ ಉದ್ದೇಶಕ್ಕೆ ಹೇಗೆ ದುಡಿಯಿತು ಎಂದು ತೋರಿಸಿರಬೇಕು. ನಾಲ್ಕಕ್ಕೆ ಒಂದಕ್ಕಿಂತ ಹೆಚ್ಚು ತಂತ್ರ, ಪ್ರಬಂಧದ ಉದ್ದಕ್ಕೂ ಅದೇ ಬಿಗಿ.

ಒಂದು ಉದಾಹರಣೆ ಕೊಡುತ್ತೇನೆ. 1863ರ ನವೆಂಬರ್ 19ರಂದು ಗೆಟಿಸ್‌ಬರ್ಗ್‌ನಲ್ಲಿ ಅಂತರ್ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನ ಸಮರ್ಪಣೆಗೆ ಬಂದ ಅಮೆರಿಕದ ಅಧ್ಯಕ್ಷ ಲಿಂಕನ್ ಮಾತು ಶುರುಮಾಡಿದ್ದು ‘ನಾಲ್ಕು ಇಪ್ಪತ್ತು ಮತ್ತು ಏಳು ವರ್ಷಗಳ ಹಿಂದೆ’ ಎಂದು. ಆಗಿನ ನಾನಾಗಿದ್ದರೆ ‘ಗಂಭೀರ ಶೈಲಿ, ಬೈಬಲ್ಲಿನ ಧಾಟಿ, ಕೇಳುಗರ ಗಮನ ಸೆಳೆಯುತ್ತದೆ’ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಿದ್ದೆ. ಗಮನ ಸೆಳೆಯದ ಭಾಷಣ ಯಾವುದಿದೆ? ಈಗ ಬರೆದರೆ ಕಳೆಯುವ ಲೆಕ್ಕದಿಂದ ಶುರುಮಾಡುತ್ತೇನೆ. 1863ರಲ್ಲಿ 87 ಕಳೆದರೆ 1776, ಸ್ವಾತಂತ್ರ್ಯ ಘೋಷಣೆಯ ವರ್ಷ. ಸಂವಿಧಾನ ರಚನೆಯಾದ 1787ರಿಂದ ಅವನು ಎಣಿಸಲಿಲ್ಲ. ಸಂವಿಧಾನ ಗುಲಾಮಗಿರಿಯನ್ನು ಸಹಿಸಿಕೊಂಡಿತ್ತು. ಎಲ್ಲರೂ ಸಮಾನರು ಎಂದಿದ್ದು ಘೋಷಣೆ. ದೇಶದ ವಯಸ್ಸನ್ನು ಅಲ್ಲಿಂದ ಲೆಕ್ಕ ಹಾಕಿದ್ದರಿಂದ, ಸತ್ತವರು ಸಮಾನತೆಗಾಗಿ ಸತ್ತರು ಎಂದು ಮುಂದೆ ಹೇಳಲು ನೆಲ ಹದವಾಯಿತು. ಇದೇ ಸ್ವಾರಸ್ಯ. ‘ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಗೆ ಆಯ್ಕೆ, ಸಂದರ್ಭ ಬರೆದು ಕೊನೆಗೆ ‘ಈ ಮಾತು ಸ್ವಾರಸ್ಯಪೂರ್ಣವಾಗಿದೆ’ ಎಂದು ಮುಗಿಸುತ್ತಿದ್ದೆವಲ್ಲ, ಅಲ್ಲಿ ಬಿಟ್ಟದ್ದನ್ನೇ ಇಲ್ಲಿ ಕೇಳುತ್ತಾರೆ.

ಮೂರು ಪ್ರಬಂಧ ಸೇರಿ ಪರೀಕ್ಷೆಯ ಶೇ. 55. ಉಳಿದ ಶೇ. 45, ಒಂದು ಗಂಟೆಯಲ್ಲಿ 45 ಬಹು ಆಯ್ಕೆಯ ಪ್ರಶ್ನೆಗಳು. ಪ್ರಬಂಧಗಳಿಗೆ 2 ಗಂಟೆ 15 ನಿಮಿಷ; ಓದಲು 15 ನಿಮಿಷ ತೆಗೆದರೆ ತಲಾ 40. 2025ರಿಂದ ಕಂಪ್ಯೂಟರಿನಲ್ಲೇ ಟೈಪ್ ಮಾಡಬೇಕು. ಮೊದಲನೆಯದು ಕೊಟ್ಟ ಆಕರಗಳಲ್ಲಿ ಕನಿಷ್ಠ ಮೂರನ್ನು ಬಳಸಿ ಬರೆಯುವುದು. ಅಲ್ಲೂ ಎಡವುವುದು ಇದೇ ಜಾಗದಲ್ಲಿ: ಆಕರ ಒಂದು ಹೀಗೆ ಹೇಳುತ್ತದೆ, ಆಕರ ಎರಡು ಹಾಗೆ ಹೇಳುತ್ತದೆ ಎಂದು ಸಾರಾಂಶ ಬರೆದು ಬರುವುದು, ತನ್ನ ವಾದ ಎಲ್ಲೂ ಇರುವುದಿಲ್ಲ.

ಇನ್ನು ಜಿಪಿಎ. ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಜಿಪಿಎ ಏರಿಸಲು ಈ ಕೋರ್ಸ್ ತೆಗೆದುಕೊಳ್ಳುವುದೂ ತಪ್ಪು, ಇಳಿಯುತ್ತದೆಂದು ಬಿಡುವುದೂ ತಪ್ಪು. ಯುಸಿ ಎಣಿಸುವುದು ಹತ್ತು ಮತ್ತು ಹನ್ನೊಂದನೇ ತರಗತಿಯ ಅಂಕ. ಎಪಿಯಂಥ ಕೋರ್ಸಿಗೆ ಹೆಚ್ಚುವರಿ ಅಂಕ ಸಿಗುವುದು ಎಂಟು ಸೆಮಿಸ್ಟರಿಗೆ ಮಾತ್ರ, ಅಂದರೆ ವರ್ಷಪೂರ್ತಿಯ ನಾಲ್ಕು ಕೋರ್ಸು. ಮಗಳು ಕ್ಯಾಲ್ಕುಲಸ್, ಫಿಸಿಕ್ಸ್, ಕಂಪ್ಯೂಟರ್ ಸೈನ್ಸ್, ಯುಎಸ್ ಹಿಸ್ಟರಿ ನಾಲ್ಕನ್ನೂ ಎಪಿಯಲ್ಲೇ ಮಾಡುತ್ತಿದ್ದರೆ ಆ ಚೀಲ ತುಂಬಿತು. ಇಂಗ್ಲಿಷ್‌ನಿಂದ ಒಂದು ಕಾಳೂ ಹೆಚ್ಚು ಹಿಡಿಯುವುದಿಲ್ಲ. ಚೀಲದಲ್ಲಿ ಜಾಗವಿದ್ದರೆ ಎಪಿಯ ಬಿ ಸಾಮಾನ್ಯ ತರಗತಿಯ ಎ ಗೆ ಸಮ. ಹನ್ನೆರಡನೇ ತರಗತಿಯ ಎಪಿ ಲಿಟರೇಚರ್ ಈ ಲೆಕ್ಕಕ್ಕೇ ಬರುವುದಿಲ್ಲ, ಎರಡೂ ಪರೀಕ್ಷೆ ಪಾಸಾದರೂ ಯೂನಿಟ್ ಒಟ್ಟು ಎಂಟೇ. ಪದ್ಯ ಓದುವ ಖುಷಿ ಇದ್ದರೆ ಮಾತ್ರ ತೆಗೆದುಕೊಳ್ಳಲಿ. ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜು) ಇಂಗ್ಲಿಷ್ ಮುಗಿಸುವ ದಾರಿಯೂ ಇದೆ, ಕೆಟ್ಟದ್ದೇನಲ್ಲ, ಆದರೆ ಅಲ್ಲಿ ಬರುವ ಗ್ರೇಡ್ ಕಾಲೇಜಿನ ದಾಖಲೆಯಲ್ಲಿ ಕಾಯಂ ಉಳಿಯುತ್ತದೆ.

ನೀವು ಶಾಲೆಗೆ ಹೋಗಿ ಕೇಳಬೇಕಾದ್ದು ಒಂದೇ: ಒಂದು ಸೆಮಿಸ್ಟರಿನಲ್ಲಿ ಎಷ್ಟು ಪ್ರಬಂಧ ಬರೆಸುತ್ತೀರಿ, ಎಷ್ಟನ್ನು ಷರಾ ಬರೆದು ವಾಪಸ್ ಕೊಡುತ್ತೀರಿ? ಎಷ್ಟು ಪುಸ್ತಕ ಓದಿಸುತ್ತಾರೆ ಎಂಬುದಲ್ಲ. ಎರಡು ವಾರಕ್ಕೊಂದು ಪ್ರಬಂಧ ಷರಾ ಸಮೇತ ತಿರುಗಿ ಬರುವುದಾದರೆ ಕಣ್ಣು ಮುಚ್ಚಿ ಸೇರಿಸಿ. ತಂತ್ರಗಳ ಹೆಸರು ಉರು ಹೊಡೆಸುವ ತರಗತಿಯಾದರೆ ಬೇಡ, ಆ ಕೆಲಸ ನಾನು ಹಾಸನದಲ್ಲೇ ಮುಗಿಸಿದ್ದೆ.

ಸೇರಿದರೆ, ಎಪಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಹಳೆಯ ಪ್ರಶ್ನೆಗಳ ಜೊತೆಗೆ ವಿದ್ಯಾರ್ಥಿಗಳ ಉತ್ತರ, ಸಿಕ್ಕ ಅಂಕ, ಯಾಕೆ ಅಷ್ಟೇ ಎಂಬ ವಿವರಣೆ ಎಲ್ಲವನ್ನೂ ಉಚಿತವಾಗಿ ಹಾಕುತ್ತದೆ. ಅಂಕ ಮುಚ್ಚಿಟ್ಟು ಅವಳೇ ಮೊದಲು ಅಂಕ ಹಾಕಲಿ, ಆಮೇಲೆ ತೆರೆದು ನೋಡಲಿ. ತಾನು ಬರೆಯುವಾಗ ಒಂದೊಂದು ಉದ್ಧರಣೆಯ ಕೆಳಗೂ ‘ಅದರಿಂದ ಏನಾಯಿತು?’ ಎಂದು ಪೆನ್ಸಿಲಿನಲ್ಲಿ ಗೀಚಿ, ಉತ್ತರವಾಗಿ ಎರಡು ವಾಕ್ಯ ಬರೆಯಲಿ. ಬರೆಯಲು ಹೊಳೆಯದಿದ್ದರೆ ಆ ಉದ್ಧರಣೆ ಹೊಡೆದು ಹಾಕಿ ಬೇರೆ ಹುಡುಕಲಿ. ಪರೀಕ್ಷೆ ಮೇ ತಿಂಗಳಲ್ಲಾದರೂ ಹೆಸರು ನೋಂದಾಯಿಸುವುದು ಅದಕ್ಕೂ ಮುಂಚಿನ ನವೆಂಬರಿನೊಳಗೆ. ತಡವಾದರೆ ದಂಡ ಕಟ್ಟಬೇಕು.