ಸೌದಿಯಲ್ಲಿ ಚರ್ಚ್ ಇಲ್ಲ. ಮೊಂತಿ ಹಬ್ಬಕ್ಕೆ (ಮೇರಿ ಮಾತೆಯ ಹುಟ್ಟುಹಬ್ಬ, ಮಂಗಳೂರಿನ ಕ್ಯಾಥೊಲಿಕರ ಹೊಸ ತೆನೆಯ ಹಬ್ಬ) ಮೊಬೈಲಿನಲ್ಲಿ ಊರಿನ ಚರ್ಚಿನ ಪೂಜೆ ನೋಡಿದರೆ ಸಾಕಾ ಅಂತ ಕೇಳಿದ್ದೀರಿ.

ನಾನೂ ಸೌದಿಯ ಅಲ್ ಖೋಬರ್‌ನಲ್ಲಿ ಆರು ವರ್ಷ ಇದ್ದವನು. ಮೊದಲ ವರ್ಷ ಹಬ್ಬದ ದಿನ, ಸೆಪ್ಟೆಂಬರ್ 8ಕ್ಕೆ, ನಾನು ಏನೂ ಮಾಡಲಿಲ್ಲ. ಪೂಜೆ ಇಲ್ಲ, ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಇಲ್ಲ, ಇನ್ನೆಂಥ ಹಬ್ಬ ಅಂತ ಡ್ಯೂಟಿಗೆ ಹೋದೆ. ರಾತ್ರಿ ಕೋಳಿ ತಿಂದು ಮಲಗಿದೆ.

ಎರಡು ವಾರದ ನಂತರ ರಜೆ ಮುಗಿಸಿ ಬಂದ ಊರಿನವರೊಬ್ಬರ ಕೈಯಲ್ಲಿ ಅಮ್ಮ ತೆನೆ ಕಳಿಸಿದ್ದರು. ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆ, ಐದೇ ಐದು. ನಾನು ತಪ್ಪಿದ್ದು ಇಲ್ಲೇ. ಅವತ್ತೇ ನಾಲ್ಕು ಕಾಳು ಸುಲಿದು ಹಾಲಿಗೆ ಹಾಕಿ ಕುಡಿದಿದ್ದರೆ ಮುಗಿದಿತ್ತು. ಆದರೆ ನನಗೆ ಎಲ್ಲ ಕ್ರಮವಾಗಿ ಆಗಬೇಕು! ಬಹ್ರೇನಿಗೆ ವೀಸಾ ಸಿಗಲಿ, 25 ಕಿಲೋಮೀಟರ್ ಸೇತುವೆ ದಾಟಿ ಮನಾಮದ ಸೇಕ್ರೆಡ್ ಹಾರ್ಟ್ ಚರ್ಚಿಗೆ ಹೋಗೋಣ, ಪಾಪನಿವೇದನೆ ಮಾಡಿ, ಪರಮಪ್ರಸಾದ ತಗೊಂಡು, ಆಮೇಲೆ ಹೊಸ ಅಕ್ಕಿ ಊಟ ಮಾಡೋಣ ಅಂದುಕೊಂಡೆ. ತೆನೆಯನ್ನು ಪ್ಲಾಸ್ಟಿಕ್ ಸಮೇತ ಡಬ್ಬಿಗೆ ಹಾಕಿಟ್ಟೆ. ತೆನೆ ಪೂರ್ತಿ ಒಣಗಿರಲಿಲ್ಲ. ಬಿಚ್ಚಿ ನೋಡುವ ಬುದ್ಧಿಯೂ ನನಗೆ ಬರಲಿಲ್ಲ. ಡಿಸೆಂಬರ್‌ನಲ್ಲಿ ಡಬ್ಬಿ ತೆರೆದರೆ ಬರೀ ಬೂಸ್ಟು.

ಅಮ್ಮನಿಗೆ ಹೇಳಿದೆ. "ಹೋಗ್ಲಿ ಬಿಡು" ಅಂದರು. ಮರುವರ್ಷ ತೆನೆ ಬರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ನೀನು ಅಲ್ಲಿ ಹಬ್ಬ ಮಾಡೋದಿಲ್ಲ ಅಲ್ವಾ?" ಅಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಹಾಗಾಗಿ ಮೊಬೈಲ್ ಪೂಜೆ ಸಾಕಾ ಅನ್ನುವ ಪ್ರಶ್ನೆಯೇ ನನಗೆ ಸರಿ ಅನಿಸೋದಿಲ್ಲ. ಪಾಪದ ಭಯ ಇದ್ದರೆ ಬಿಡಿ. ಮೇರಿ ಮಾತೆಯ ಹುಟ್ಟುಹಬ್ಬ ಚರ್ಚಿನ ಕಡ್ಡಾಯ ಹಬ್ಬಗಳ ಪಟ್ಟಿಯಲ್ಲೇ ಇಲ್ಲ. ಪೂಜೆ ನೋಡಿ, ಬೇಡ ಅನ್ನೋದಿಲ್ಲ. ಊರಿನ ಏಳು ಗಂಟೆಯ ಪೂಜೆ ನಿಮಗೆ ನಾಲ್ಕೂವರೆಗೆ, ಏಳ್ತೀರಾದರೆ ಏಳಿ. ಪರಮಪ್ರಸಾದದ ಹೊತ್ತಿಗೆ "ಸ್ವಾಮಿ, ನನ್ನ ಮನಸ್ಸಿಗೆ ಬಾ" ಅಂತ ಬೇಡಿಕೊಳ್ಳಿ. ಆದರೆ ಮಕ್ಕಳಿಗೆ ಹೊಸ ಬಟ್ಟೆ ಹಾಕಿಸಿ ಮೊಬೈಲಿನ ಮುಂದೆ ಕೂರಿಸಿ, ಹಬ್ಬ ಆಯ್ತು ಅನ್ನಬೇಡಿ.

ಈ ಹಬ್ಬದ ಅರ್ಧ ಭಾಗ ಯಾವತ್ತೂ ಮನೆಯದ್ದೇ. ಮಂಗಳೂರಲ್ಲೂ ಹೊಸ ಅಕ್ಕಿ ಊಟಕ್ಕೆ ಫಾದರ್ ಬರೋದಿಲ್ಲ. ಮನೆಯ ಹಿರಿಯರು ಪ್ರಾರ್ಥನೆ ಹೇಳುತ್ತಾರೆ, ತೆನೆಯ ಕಾಳು ಸೇರಿಸಿದ ಹಾಲೋ ಪಾಯಸವೋ ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಮೀನು ಮಾಂಸ ಇಲ್ಲದ ಊಟ. ಪಲ್ಯ, ಸಾರು ಬೆಸ ಲೆಕ್ಕದಲ್ಲಿ ಇರಬೇಕು: ಮೂರು, ಐದು, ಏಳು. ಹರಿವೆ ದಂಟು, ಅಮಟೆಕಾಯಿ ಸಿಗದಿದ್ದರೆ ಬೆಂಡೆ, ಅಲಸಂಡೆ, ಹಾಗಲ ಆಗುತ್ತದೆ. ನಾನು ಮೂರನೇ ವರ್ಷ ಮೂರೇ ಮಾಡಿದ್ದು. ಒಂದು ಸೀದು ಹೋಯ್ತು, ಆದರೂ ಲೆಕ್ಕಕ್ಕೆ ಇಟ್ಟೆ.

ತೆನೆ ತಡವಾಗಿ ಬಂದರೆ ಬಂದ ದಿನವೇ ಊಟ ಇಟ್ಟುಕೊಳ್ಳಿ. ಅಮ್ಮನಿಗೆ ಇವತ್ತೇ ಫೋನ್ ಮಾಡಿ. ತೆನೆಯನ್ನು ಎರಡು ದಿನ ಬಿಸಿಲಿಗೆ ಒಣಗಿಸಿ ಕಾಗದದ ಲಕೋಟೆಯಲ್ಲಿ ಹಾಕಿ ಕಳಿಸಲು ಹೇಳಿ. ಪ್ಲಾಸ್ಟಿಕ್ ಬೇಡ.