ಜೂನ್ ತಿಂಗಳಲ್ಲಿ ಮಂಜೇಶ್ವರಕ್ಕೆ ಮೀನು ಎಲ್ಲಿಂದ ಬರುತ್ತದೆ?

ಮಂಗಳೂರು ಧಕ್ಕೆಯಲ್ಲಿ ಬೋಟುಗಳೆಲ್ಲ ಹಗ್ಗ ಕಟ್ಟಿ ನಿಂತಿರುವಾಗ ಕೇರಳದ ಗಡಿಯಾದ ತಲಪಾಡಿ ದಾಟಿದ ಕೂಡಲೇ ಬುಟ್ಟಿಯಲ್ಲಿ ಮೀನು ಕಾಣುತ್ತದೆ, ಕೇರಳದವರಿಗೆ ಮಳೆಗಾಲದ ಮೀನುಗಾರಿಕೆ ನಿಷೇಧವೇ ಇಲ್ಲವೇ ಎಂದು ಕೇಳಿದ್ದೀರಿ. ನಿಷೇಧ ಉಂಟು. ಆದರೆ ಕರ್ನಾಟಕದ ಕಾನೂನು ನಿಲ್ಲಿಸುವುದು ಒಂದನ್ನು, ಕೇರಳದ್ದು ನಿಲ್ಲಿಸುವುದು ಇನ್ನೊಂದನ್ನು.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ರಜೆ. ಯಾಂತ್ರೀಕೃತ ಬೋಟುಗಳ ಜೊತೆಗೆ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಕೂರಿಸಿದ ದೋಣಿಯೂ ಕಡಲಿಗೆ ಇಳಿಯುವ ಹಾಗಿಲ್ಲ. ಮಳೆಗಾಲದ ನಾಡದೋಣಿಗಳಲ್ಲಿ 9.9 ಅಶ್ವಶಕ್ತಿಯ ಎಂಜಿನ್ ನೋಡಿ ನಿಮಗೆ ವಿಚಿತ್ರ ಅನಿಸಿದ್ದರೆ, ಲೆಕ್ಕ ಇಲ್ಲಿಗೆ ಸರಿಹೋಗುತ್ತದೆ. ಕೇರಳದಲ್ಲಿ ನಿಷೇಧ ಜೂನ್ 9ರ ಮಧ್ಯರಾತ್ರಿ ಶುರುವಾಗಿ ಜುಲೈ 31ರ ಮಧ್ಯರಾತ್ರಿ ಮುಗಿಯುತ್ತದೆ. ಒಟ್ಟು 52 ದಿನ. 2018ಕ್ಕಿಂತ ಮೊದಲು 47 ದಿನ ಇತ್ತು. 1988ರಲ್ಲಿ ಶುರುವಾದಾಗಿನಿಂದ ಅದರ ಗುರಿ ಟ್ರಾಲ್ ಬೋಟು, ಅಂದರೆ ಕಡಲ ತಳವನ್ನು ಗೀರಿಕೊಂಡು ಬಲೆ ಎಳೆಯುವ ಬೋಟು. ಸಾಂಪ್ರದಾಯಿಕ ವಳ್ಳಗಳಿಗೆ, ಅಂದರೆ ಅಲ್ಲಿನ ನಾಡದೋಣಿಗಳಿಗೆ, ಒಳಗೆ ಎಂಜಿನ್ ಇರುವ ದೊಡ್ಡ ಇನ್‌ಬೋರ್ಡ್ ವಳ್ಳಗಳಿಗೂ, ಮೀನು ಹಿಡಿಯಲು ಅಡ್ಡಿಯಿಲ್ಲ. ಈ ಹಕ್ಕನ್ನು ಕಾಪಾಡಲಿಕ್ಕೆಂದೇ 2007ರಲ್ಲಿ ಒಂದು ಪ್ರತ್ಯೇಕ ಕಾಯಿದೆಯನ್ನೂ ಮಾಡಿದ್ದಾರೆ. ಷರತ್ತು ಇಷ್ಟು: ಒಂದು ಇನ್‌ಬೋರ್ಡ್ ವಳ್ಳದ ಜೊತೆ ಮೀನು ತರಲು ಒಂದೇ ಕ್ಯಾರಿಯರ್ ದೋಣಿ.

ಇನ್ನೊಂದು ತೊಡಕು ದೂರದ್ದು. ರಾಜ್ಯದ ಅಧಿಕಾರ ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್ ತನಕ. ಅದರಾಚೆ ಕೇಂದ್ರದ ನಿಷೇಧ, ಅದು ಪಶ್ಚಿಮ ಕರಾವಳಿಗೆಲ್ಲ ಜೂನ್ 1ರಿಂದಲೇ. ಹಾಗಾಗಿ ಜೂನ್ ಮೊದಲ ವಾರ ಕೇರಳದ ಟ್ರಾಲ್ ಬೋಟಿಗೆ ಹತ್ತಿರದ ನೀರು ತೆರೆದಿರುತ್ತದೆ, ದೂರದ್ದು ಮುಚ್ಚಿರುತ್ತದೆ. ಯಾವ ದೋಣಿ ಯಾವ ಕಡೆಯದು ಎಂದು ತಿಳಿಯಲು ಮೈಮೇಲಿನ ನೋಂದಣಿ ಸಂಖ್ಯೆ ನೋಡಿದರೆ ಸಾಕು: ‘ಐಎನ್‌ಡಿ ಕೆಎ’ ಅಂದರೆ ಕರ್ನಾಟಕ, ‘ಐಎನ್‌ಡಿ ಕೆಎಲ್’ ಅಂದರೆ ಕೇರಳ. ಮುಂದೆ ‘ಎಂಎಂ’ ಇದ್ದರೆ ಯಾಂತ್ರೀಕೃತ, ‘ಎಂಒ’ ಇದ್ದರೆ ಮೋಟಾರು ಕೂರಿಸಿದ್ದು.

ಮಳೆಗಾಲದಲ್ಲಿ ಸಣ್ಣ ದೋಣಿಗೂ ಮೀನು ಸಿಗುತ್ತದೆ. ನೈಋತ್ಯ ಗಾಳಿ ಬಲವಾದಾಗ ತಳದ ತಣ್ಣನೆಯ ನೀರು ಮೇಲೇಳುತ್ತದೆ. ಅದರ ಸಾರದಿಂದ ಪ್ಲವಕ, ಅಂದರೆ ಮೀನು ಮೇಯುವ ತೇಲುವ ಸೂಕ್ಷ್ಮಜೀವಿಗಳು, ಹುಲುಸಾಗಿ ಬೆಳೆಯುತ್ತದೆ. ಆದರೆ ಆ ನೀರಿನಲ್ಲಿ ಆಮ್ಲಜನಕ ಕಡಿಮೆ. ಮೇವಿನ ಆಸೆಗೂ ಉಸಿರಿನ ಕಷ್ಟಕ್ಕೂ ಬೂತಾಯಿ (ಸಾರ್ಡೀನ್), ಬಂಗುಡೆ (ಮ್ಯಾಕೆರೆಲ್) ಹಿಂಡುಗಳು ಮೇಲ್ಪದರಕ್ಕೆ, ದಡದ ಕಡೆಗೆ ಬರುತ್ತವೆ. ಹಿಂಡು ಕಂಡರೆ ವಳ್ಳ ಅದನ್ನು ಸುತ್ತುತ್ತಾ ಬಲೆ ಬಿಡುತ್ತದೆ. ಬಲೆಯ ಕೆಳಂಚಿನ ಬಳೆಗಳೊಳಗಿಂದ ಹಾದ ಹಗ್ಗವನ್ನು ಎಳೆದರೆ, ಸಂಚಿಯ ಬಾಯಿಗೆ ದಾರ ಎಳೆದ ಹಾಗೆ, ಅಡಿ ಮುಚ್ಚಿಕೊಳ್ಳುತ್ತದೆ. ಕೆಡುವುದೂ ಇಲ್ಲೇ. ಅಡಿಯ ಸೆಳೆತ ಜೋರಾಗಿದ್ದರೆ ಬಲೆ ಓರೆಯಾಗಿ ಹಿಂಡು ಕೆಳಗಿನಿಂದ ನುಸುಳುತ್ತದೆ. ಕಲ್ಲಿಗೆ ತಾಗಿದರೆ ಹರಿಯುತ್ತದೆ. ಜೆಲ್ಲಿಮೀನು ತುಂಬಿಕೊಂಡರೆ ಎತ್ತಲಾಗದೆ ಕತ್ತರಿಸಿ ಬಿಡಬೇಕಾಗುತ್ತದೆ. ಇದಕ್ಕಿಂತ ಮೊದಲು ದಡದ ತೆರೆ ದಾಟುವುದೇ ದೊಡ್ಡ ಕೆಲಸ. ಮಂಜೇಶ್ವರದಲ್ಲಿ 2020ರಲ್ಲಿ ಬಂದರು ಉದ್ಘಾಟನೆಯಾದ ಮೇಲೆ ಅಳಿವೆಯ ತಡೆಗೋಡೆಗಳ ನಡುವಿನಿಂದ ಹೋಗಬಹುದು. ಬರೀ ಮರಳ ದಡವೇ ಗತಿಯಾದ ಊರುಗಳಲ್ಲಿ ಎಷ್ಟೋ ದಿನ ದೋಣಿ ದಡದ ಮೇಲೆಯೇ ಉಳಿಯುತ್ತದೆ.

ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಬೂತಾಯಿ ಮೊಟ್ಟೆ ಇಡುವುದೂ ಈ ಮಳೆಯ ತಿಂಗಳುಗಳಲ್ಲೇ. ಹಾಗಾದರೆ ಕೇರಳದ ನಿಯಮ ತಳದ ಮೀನಿಗೆ ನೆರಳು, ಮೇಲಿನ ಮೀನಿಗೆ ಬಿಸಿಲು. ಅದು ಮೀನಿಗಿಂತ ಹೆಚ್ಚಾಗಿ ಹೊಟ್ಟೆಪಾಡಿನ ರಾಜಿ, ಹಾಗೆಂದು ಒಪ್ಪಿಕೊಂಡರೆ ಚರ್ಚೆ ಸುಲಭ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಬಂದಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಇಳಿಯಿತು, ಆಮೇಲೆ ಮತ್ತೆ ಏರಿತು. ಇದಕ್ಕೆಲ್ಲ ಬಲೆಯೇ ಕಾರಣ ಅನ್ನಲಾಗದು. ಕಡಲಿನ ಬಿಸಿ, ಮಳೆಯ ಏರುಪೇರು ಆ ಮೀನನ್ನು ಬೇಗ ಅಲುಗಾಡಿಸುತ್ತವೆ.

ಮರಿಮೀನಿನ ವಿಷಯದಲ್ಲಿ ಮಾತ್ರ ಕೇರಳ ಬಿಗಿ. ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14, ರಿಬ್ಬನ್ ಮೀನು ಪಾಂಬೋಳು 46. ಇದಕ್ಕಿಂತ ಸಣ್ಣದನ್ನು ಹಿಡಿಯಬಾರದು. ಇಂಥ ಪಟ್ಟಿಯಲ್ಲಿ 58 ಜಾತಿಗಳಿವೆ. ಆದರೂ ಸಣ್ಣ ಮೀನು ತುಂಬಿದ ಲಾರಿಗಳು ತಲಪಾಡಿ ದಾಟಿ ಮಂಗಳೂರು ಸುತ್ತಿನ ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಗಳಿಗೆ ಹೋದದ್ದುಂಟು. ತಿನ್ನಲು ಬಾರದ ಗಾತ್ರಕ್ಕೂ ಗಡಿಯಾಚೆ ಗಿರಾಕಿ ಇರುವ ತನಕ ಈಚೆಯ ನಿಯಮಕ್ಕೆ ಅರ್ಧವೇ ಬಲ.

ಬುಟ್ಟಿಯ ಮೀನೆಲ್ಲ ಮಂಜೇಶ್ವರ, ಕುಂಬಳೆಯದ್ದೇ ಎಂದು ನಂಬಬೇಡಿ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14. ಇಲ್ಲಿ ಬೋಟು ನಿಂತು ಕೆಲವೇ ದಿನಕ್ಕೆ ತಮಿಳುನಾಡಿನಲ್ಲಿ ಬೋಟು ಇಳಿಯುತ್ತದೆ, ಆ ಮೀನು ಮಂಜುಗಡ್ಡೆ ತುಂಬಿದ ಲಾರಿಯಲ್ಲಿ ನಮ್ಮ ಮಾರುಕಟ್ಟೆಗೆ ಬರುತ್ತದೆ. 2018ರ ಜೂನ್‌ನಲ್ಲಿ ಕೇರಳದ ಚೆಕ್‌ಪೋಸ್ಟ್‌ಗಳಲ್ಲಿ ಕೆಡದಿರಲೆಂದು ಫಾರ್ಮಲಿನ್ ಎಂಬ ವಿಷ ರಾಸಾಯನಿಕ ಹಾಕಿದ ಮೀನು ಟನ್ನುಗಟ್ಟಲೆ ಸಿಕ್ಕಿಬಿದ್ದ ಮೇಲೆ ತಪಾಸಣೆ ಹೆಚ್ಚಿತು. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ (ಸಿಫ್ಟ್) ಮಾಡಿದ ಕಿಟ್‌ನಲ್ಲಿ ಕಾಗದದ ಪಟ್ಟಿಯನ್ನು ಮೀನಿನ ಮೈಗೆ ಉಜ್ಜಿ ದ್ರಾವಣದ ಒಂದು ಹನಿ ಬಿಡುತ್ತಾರೆ. ನೀಲಿಗೆ ತಿರುಗಿದರೆ ಮುಟ್ಟಬೇಡಿ.

ಕಿಟ್ ಇಲ್ಲದೆ ನೋಡುವುದಾದರೆ: ಬೂತಾಯಿಯ ಕಣ್ಣು ಉಬ್ಬಿ ಮಿನುಗಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದ ಕುಳಿ ತಾನಾಗಿ ತುಂಬಬೇಕು. ಹೊಟ್ಟೆ ಒಡೆದದ್ದೆಲ್ಲ ಹಳೆಯದೂ ಅಲ್ಲ. ಚೆನ್ನಾಗಿ ಮೇದ ಬೂತಾಯಿಯ ಜೀರ್ಣರಸವೇ ಹೊಟ್ಟೆಯ ತೆಳುಪೊರೆಯನ್ನು ಕರಗಿಸುತ್ತದೆ, ಮಂಜುಗಡ್ಡೆ ತಡವಾದರೆ ಕೆಲವೇ ಗಂಟೆ ಸಾಕು. ಮೀನಿನಷ್ಟೇ ತೂಕದ ಮಂಜುಗಡ್ಡೆಯನ್ನು ಪದರ ಪದರವಾಗಿ ಹಾಕಬೇಕು. ಜಿಪುಣತನ ಮಾಡುವುದು ಇಲ್ಲಿಯೇ.

ಕಡಲು ಬಿಟ್ಟರೆ ಗದ್ದೆ, ಹೊಳೆ. ಮೊದಲ ಮಳೆಗೆ ಮುಗುಡು ಮೊದಲಾದ ಮೀನುಗಳು ಮೊಟ್ಟೆ ಇಡಲು ತೋಡು ಹತ್ತಿ ಗದ್ದೆಗೆ ಬರುತ್ತವೆ. ಅದೇ ತುಳುವರ ಉಬರ್, ಮಲಯಾಳದ ಊತ್ತ. ಟಾರ್ಚ್ ಹಿಡಿದು ಹೋಗುವುದು ಇಲ್ಲಿ ಹಬ್ಬದ ಹಾಗೆ; ಆದರೆ ಹೊಟ್ಟೆ ತುಂಬ ಮೊಟ್ಟೆ ಇರುವ ಮೀನನ್ನು ದಾರಿಯಲ್ಲೇ ತಡೆಯುವುದು ಕೇರಳದಲ್ಲಿ ಕಾನೂನಿಗೆ ವಿರುದ್ಧ. ಶಿರಿಯ, ಮೊಗ್ರಾಲ್ ಅಳಿವೆಗಳ ಪಕ್ಕದ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಡಿದಲ್ಲಿ ಸಿಗಡಿ ಮರಿಗೂ ಏಡಿಗೂ ನಿಲ್ಲಲು ಜಾಗವಿಲ್ಲ, ಅದೂ ಮೀನಿನ ಲೆಕ್ಕಕ್ಕೇ ಸೇರುತ್ತದೆ.

ನೀವು ಬರುವುದಾದರೆ ಬೆಳಿಗ್ಗೆ ಬೇಗ ಬನ್ನಿ, ಹೆಸರು ಎರಡೂ ಗೊತ್ತಿರಲಿ. ಬೂತಾಯಿ ಅಂದರೆ ಮತ್ತಿ, ಬಂಗುಡೆ ಅಂದರೆ ಅಯಲ, ಚಿಪ್ಪಿನಲ್ಲಿ ಮರುವಾಯಿ ಬೇರೆ, ಪಚ್ಚಿಲೆ ಅಥವಾ ಕಲ್ಲುಮ್ಮಕಾಯಿ ಬೇರೆ. ಲೇಲ ಕೂಗುವವರು ತುಳು, ಬ್ಯಾರಿ, ಮಲಯಾಳ ಒಟ್ಟಿಗೆ ಬಳಸುತ್ತಾರೆ. ಕನ್ನಡದಲ್ಲಿ ಕೇಳಿದರೂ ಉತ್ತರ ಬರುತ್ತದೆ ಮಾರಾಯ್ರೆ, ದರ ಮಾತ್ರ ಎರಡು ಸಲ ಕೇಳಿ ಖಚಿತ ಮಾಡಿಕೊಳ್ಳಿ.