ಕಷ್ಟದ ಇಂಗ್ಲಿಷ್ ಪದಗಳು ನೆನಪಿನಲ್ಲಿ ಉಳಿಯಲು

ಪ್ರಶ್ನೆ: ಮೇಡಂ, ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಬ್ಯಾಂಕ್ ಪರೀಕ್ಷೆಗೆಂದು ಕಷ್ಟದ ಇಂಗ್ಲಿಷ್ ಪದಗಳ ಪಟ್ಟಿ ಬಾಯಿಪಾಠ ಮಾಡುತ್ತೇನೆ. ವಾರದಲ್ಲೇ ಮರೆತುಹೋಗುತ್ತವೆ. ಏನು ಮಾಡಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ಪಟ್ಟಿ ಪಕ್ಕಕ್ಕಿಡಿ, ಪದದ ಬೇರು ಹಿಡಿಯಿರಿ. ಲ್ಯಾಟಿನ್‌ನಲ್ಲಿ ‘ಲೊಕ್ವಿ’ ಎಂದರೆ ಮಾತಾಡು. ಮಾತು ಜಾಸ್ತಿ ಇರುವವರು ಲೊಕ್ವೇಷಸ್. ಸೊಗಸಾಗಿ ಮಾತಾಡುವವರು ಎಲೊಕ್ವೆಂಟ್. ನಾಟಕದಲ್ಲಿ ಪಾತ್ರ ತನ್ನಷ್ಟಕ್ಕೆ ಆಡುವ ಮಾತು ಸಾಲಿಲಕ್ವಿ. ಒಂದೇ ಬೇರು, ಮೂರು ಪದ, ಅಲ್ವಾ? ನನ್ನ ಪಿಯುಸಿ ಮಕ್ಕಳಿಗೂ ಹೀಗೇ ಕಲಿಸುತ್ತೇನೆ. ಹೊಸ ಪದಗಳನ್ನು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದಿಂದ ಆರಿಸಿ, ಇಡೀ ವಾಕ್ಯವನ್ನೇ ಬರೆದುಕೊಳ್ಳಿ. ಮರುದಿನ, ಮೂರು ದಿನ ಬಿಟ್ಟು, ಮತ್ತೆ ವಾರದ ಮೇಲೆ ಅರ್ಥ ಮುಚ್ಚಿಟ್ಟು ನೆನಪಿಸಿಕೊಳ್ಳಿ. ಸುಮ್ನೆ ಕಣ್ಣಾಡಿಸಿದರೆ ಸಾಲದು.